ಕೀಲಿಯ ಜೊತೆಗೆ ಒಂದು ಚೀಟಿ

ನಿಕ್ಲಾವ್,
ಕೀಲು ಸವೆದವಳು ನಾನು, ಕೀಲಿ ನಿನಗೆ ಕೊಟ್ಟು ಹೊರಟಿದ್ದೇನೆ.
ರೀಗಾದ ಡಾಕ್ಟರು ಸೊಂಟಕ್ಕೆ ಹೊಸ ಲೋಹ ಕೂರಿಸುತ್ತಾರಂತೆ.
ಮೂರು ವಾರ ಅಂದಿದ್ದಾರೆ. ನೀನು ಐದು ಅಂದುಕೋ.

ಬೆಕ್ಕಿನ ಚಿಂತೆ ಬೇಡ, ಅದು ಎಂದೋ ನಿಮ್ಮ ಮನೆಯದಾಗಿದೆ.
ಕಿಟಕಿಯ ಜೆರೇನಿಯಂ ಸತ್ತರೆ ಸಾಯಲಿ.
ಕೊಳವನ್ನು ಮಾತ್ರ ನೋಡಿಕೋ.

ಬೆಳಿಗ್ಗೆ, ಶಾಲೆಯ ಬಸ್ಸಿಗೆ ಮುಂಚೆ, ಕೆಟಲ್ ಕುದಿಸು.
ಕುದಿನೀರನ್ನು ಕೊಳಕ್ಕೆ ಸುರಿಯಬೇಡ.
ಹಿಡಿ ಮುರಿದ ಅಲ್ಯೂಮಿನಿಯಂ ಪಾತ್ರೆ ಮೆಟ್ಟಿಲ ಮೇಲಿದೆ,
ಅದಕ್ಕೆ ತುಂಬಿ ಗಡ್ಡೆಯ ಮೇಲೆ ಸುಮ್ಮನೆ ಇಡು.
ತನ್ನಷ್ಟಕ್ಕೆ ತಾನೇ ಇಳಿಯುತ್ತದೆ,
ನಾನು ಕುರ್ಚಿಯಲ್ಲಿ ಕೂರುವ ಹಾಗೆ,
ಅಷ್ಟಷ್ಟೇ, ಅಷ್ಟಷ್ಟೇ.
ಹಗ್ಗ ಕಟ್ಟಿರಬೇಕು, ಮರೆಯಬೇಡ.
ಹೋದ ವರ್ಷ ಒಂದು ಪಾತ್ರೆ ತಳ ಸೇರಿತು;
ಅದರೊಳಗೆ ಯಾರೋ ಸಂಸಾರ ಹೂಡಿರಬೇಕು.

ಕೊಡಲಿ ಮುಟ್ಟಬೇಡ.
ಸುತ್ತಿಗೆ ಬೇಡ. ಬೂಟಿನ ಹಿಮ್ಮಡಿಯೂ ಬೇಡ.
ಮೊದಲ ಚಳಿಗಾಲ ಡೊನಾಟ್,
ಪಾಪ ಉಸಿರು ಕಟ್ಟೀತು ಅಂತಲೇ ಬೀಸಿದ್ದ ಕೊಡಲಿಯನ್ನು.
ಹಿಟ್ಟಿನ ಕೈಯಲ್ಲಿ ಕಿಟಕಿಗೆ ನಿಂತು ನಾನು ಏಟು ಎಣಿಸಿದೆ.
ಎಂಟನೆಯದಕ್ಕೆ ನೀರು ಕಂಡಿತು.
ಮಧ್ಯಾಹ್ನಕ್ಕೆ ಮೀನು ಕಂಡವು,
ಹೊಟ್ಟೆ ಮೇಲಾಗಿ, ಹುರುಪೆಯ ಮೇಲೆ ಒಂದು ಗೀರೂ ಇಲ್ಲದೆ.
ಏಟು ಗಡ್ಡೆಗೆ. ಸತ್ತದ್ದು ಅವು.
ಆಮೇಲೆ ಆತ ಈ ಅಂಗಳದಲ್ಲಿ ಸೌದೆ ಒಡೆದದ್ದಿಲ್ಲ.
ನಿಮ್ಮಜ್ಜನ ಕೊಟ್ಟಿಗೆ ಹಿಂದೆ ಹೋಗಿ ಒಡೆದು
ಜಾರುಬಂಡಿಯಲ್ಲಿ ಎಳೆದು ತರುತ್ತಿದ್ದ, ಇಪ್ಪತ್ತಾರು ವರ್ಷ.
ನಿಮ್ಮಜ್ಜ ಕಾರಣ ಕೇಳಲಿಲ್ಲ.
ಜಾಗದ ಬಾಡಿಗೆ ಎಂದು ಒಂದು ಬುಟ್ಟಿ ಸೌದೆ ಮಾತ್ರ ಇಟ್ಟುಕೊಳ್ಳುತ್ತಿದ್ದ.

ಜೊಂಡಿನ ಸಿವುಡು ಮೂರು, ಗಡ್ಡೆ ಕಟ್ಟುವ ಮೊದಲೇ ನೆಟ್ಟಿದ್ದೇನೆ.
ಕೀಳಬೇಡ, ಅಲ್ಲಾಡಿಸಬೇಡ.
ದಂಟೆಲ್ಲ ಟೊಳ್ಳು; ತಳದ ಕೆಟ್ಟ ಗಾಳಿ ಅದರೊಳಗಿಂದ ಹೊರಬೀಳಬೇಕು.
ಇದು ನನ್ನ ಅತ್ತೆಯ ವಿದ್ಯೆ,
ಆಕೆ ನನಗೆ ಬೈಯದೆ ಹೇಳಿಕೊಟ್ಟ ಒಂದೇ ಒಂದು.
ಹಿಮ ಬಿದ್ದರೆ ಅರ್ಧ ಕೊಳ ಗುಡಿಸು, ಪಾಚಿಗೂ ಬೆಳಕು ಬೇಕು.
ಉದ್ದನೆಯ ಪೊರಕೆ ಹಿಡಿ, ದಡದಲ್ಲೇ ನಿಲ್ಲು.
ನಿಮ್ಮಮ್ಮನಿಗೆ ಜವಾಬು ಕೊಡುವ ತ್ರಾಣ ನನಗಿಲ್ಲ.

ಇನ್ನು ಕಷ್ಟದ್ದು.
ತಿನ್ನಲು ಏನೂ ಹಾಕಬೇಡ.
ನಿನ್ನ ಜೇಬಿನ ರೈ ರೊಟ್ಟಿಯ ಚೂರು ನನಗೆ ಗೊತ್ತು.
ಈ ಚಳಿಗೆ ಅವುಗಳ ಹೊಟ್ಟೆ ಬಾಗಿಲು ಹಾಕಿದ ಅಂಗಡಿ;
ಒಳಗೆ ಹೋದದ್ದು ಅರಗುವುದಿಲ್ಲ, ಕೊಳೆಯುತ್ತದೆ.
ತೂತಿನ ಹತ್ತಿರ ಒಂದು ಬಂದು ಬಾಯಿ ತೆರೆದು ಮುಚ್ಚಿದರೆ
ಬೇಡುತ್ತಿದೆ ಅಂದುಕೊಳ್ಳಬೇಡ.
ಗಾಳಿ ಸಾಲದು ಎಂದರ್ಥ. ಎರಡನೇ ಪಾತ್ರೆ ಇಡು.
(ನನಗೂ ಕೊಯ್ಯುವ ಹಿಂದಿನ ರಾತ್ರಿಯಿಂದ ಊಟವಿಲ್ಲವಂತೆ,
ನೀರೂ ಇಲ್ಲ.)

ಎಣಿಸಲು ಹೋಗಬೇಡ.
ಅಕ್ಟೋಬರಿನಲ್ಲಿ ಹದಿನಾಲ್ಕು ಗೆಂಡೆ ಇದ್ದವು.
ತಳದಲ್ಲಿ ನಾಲ್ಕು ಡಿಗ್ರಿಯ ನೀರಿದೆ, ಅಲ್ಲಿ
ಕಿವಿರು ಆಡಿತೋ ಇಲ್ಲವೋ ಅನ್ನುವಷ್ಟು ಆಡಿಸುತ್ತ
ಮೈಗೆ ಮೈ ತಾಗಿಸಿ ಬಿದ್ದಿವೆ.
ಇದ್ದದ್ದು ಯಾವುದು, ಹೋದದ್ದು ಯಾವುದು,
ಏಪ್ರಿಲ್ ತನಕ ಅವಕ್ಕೇ ತಿಳಿಯದು.
ಒಕ್ಕಣ್ಣಿನದು ಕಂಡರೆ ಮಾತ್ರ ನನಗೆ ಹೇಳು.
ಆ ಎಂಟು ಏಟು ಕೇಳಿಯೂ ಉಳಿದದ್ದು ಅದೊಂದೇ.
ಡೊನಾಟ್ ಅದರ ಮುಖ ನೋಡುತ್ತಿರಲಿಲ್ಲ;
ಕೊನೆಯ ವರ್ಷ ಮಾತ್ರ ಸಂಜೆ ಹೊತ್ತು ಹೋಗಿ ಕೂರುತ್ತಿದ್ದ.

ನಿನ್ನ ಕೂಲಿ: ನೆಲಮಾಳಿಗೆಯಲ್ಲಿ ಕ್ರ್ಯಾನ್‌ಬೆರಿ ಜಾಮ್, ಎಡಗಡೆಯ ಸಾಲು.
ಬಲಗಡೆಯದು ಹುಳಿತಿದೆ, ಅದು ಪಾದ್ರಿಗೆ.

ಮತ್ತೆ, ನಡುರಾತ್ರಿ ಒಮ್ಮೊಮ್ಮೆ
ಕೋವಿ ಸಿಡಿದಂಥ ಸದ್ದು ಕೊಳದಿಂದ ಬರುತ್ತದೆ.
ಎದ್ದು ಓಡಬೇಡ. ಗಡ್ಡೆ ತಾನಾಗಿ ಬಿರಿಯುವುದು ಹಾಗೆ.
ಅದು ಅವಕ್ಕೆ ರೂಢಿ ಅನ್ನುತ್ತಾರೆ.
ನಾನಂತೂ ಪ್ರತಿ ಸಲ ದೀಪ ಹಚ್ಚಿ ಕೂತಿದ್ದೇನೆ.

ಗೆನೊವೆಫಾ